ಬೆನ್ನ ಮೇಲಿನ ಅಂಗೈ

ನಮ್ಮ ವಸ್ತಾದರ ಅಂಗೈಯ ಗೆರೆಗಳೆಲ್ಲ ಕಪ್ಪಗಿದ್ದವು. ಇಚಲಕರಂಜಿಯ ಒಂದು ಪಾವರ್‌ಲೂಮ್ ಶೆಡ್ಡಿನಲ್ಲಿ ಅವರು ಜಾಬರ್, ಅಂದರೆ ಕೆಟ್ಟ ಮಗ್ಗ ರಿಪೇರಿ ಮಾಡುವವರು. ಇಪ್ಪತ್ತು ವರ್ಷದ ಎಣ್ಣೆ ಆ ಗೆರೆಗಳಲ್ಲಿ ಇಳಿದು ಕೂತಿತ್ತು, ಯಾವ ಸಾಬೂನಿಗೂ ಜಗ್ಗುತ್ತಿರಲಿಲ್ಲ. ನಸುಕಿನಲ್ಲಿ ತಾಲೀಮಿಗೆ, ನಮ್ಮ ಗರಡಿಮನೆಗೆ, ಬಂದು ಅದೇ ಕೈಯಿಂದ ನಮಗೆ ಕುಸ್ತಿ ಕಲಿಸುತ್ತಿದ್ದರು. ಮಗ್ಗದ ಮೈಮೇಲೆ ಕೈಯಿಟ್ಟು ದೋಷ ಎಲ್ಲಿದೆಯೆಂದು ಹೇಳುವವರು, ನಮ್ಮ ಬೆನ್ನ ಮೇಲೂ ಅಂಗೈ ಊರಿ ಉಸಿರಾಟ ನೋಡುತ್ತಿದ್ದರು. ಆ ಎಣ್ಣೆಗೈಯ ಗುರುತು ಬೀಳದ ಬನಿಯನ್ನು ನನ್ನದೊಂದೂ ಇರಲಿಲ್ಲ, ಒಗೆಯುವ ದೊಡ್ಡಮ್ಮನ ಬೈಗುಳ ತಪ್ಪಿದ ದಿನವೂ ಇರಲಿಲ್ಲ.

ನಾನು ಗಡಹಿಂಗ್ಲಜದವನು. ಐವತ್ತರ ದಶಕದ ಕೊನೆಗೆ, ಇಪ್ಪತ್ತರ ವಯಸ್ಸಿನಲ್ಲಿ, ದೊಡ್ಡಪ್ಪನ ನೂಲಿನ ಅಂಗಡಿ ನೋಡಿಕೊಳ್ಳಲು ಇಚಲಕರಂಜಿಗೆ ಬಂದೆ. ಅಂಗಡಿಯಲ್ಲಿ ಕೂತದ್ದಕ್ಕಿಂತ ತಾಲೀಮಿನ ಕೆಂಪು ಮಣ್ಣಿನಲ್ಲಿ ಹೊರಳಿದ್ದೇ ಹೆಚ್ಚು. ಅಲ್ಲಿ ಮಾತೆಲ್ಲ ಮರಾಠಿ. ವಸ್ತಾದರೂ ಎಲ್ಲರೆದುರು ಮರಾಠಿಯಲ್ಲೇ ಕೂಗುತ್ತಿದ್ದರು. ನನಗೊಬ್ಬನಿಗೇ ಹೇಳುವುದಿದ್ದರೆ ಕನ್ನಡ.

ಬೇರೆ ತಾಲೀಮುಗಳಲ್ಲಿ ಜ್ವರ ಬಂದರೂ ದಂಡ ಹೊಡೆಯಬೇಕಿತ್ತು. ನಮ್ಮವರು ಮೊದಲು ಬಾಗಿಲಲ್ಲೇ ಎಲ್ಲರ ನಾಡಿ ಹಿಡಿಯುತ್ತಿದ್ದರು. ನಾಡಿ ಜೋರಾಗಿ ಓಡುತ್ತಿದ್ದರೆ ಒಳಗೆ ಬಿಡುತ್ತಿರಲಿಲ್ಲ. “ನಿನ್ನಿ ದಣಿವು ಇನ್ನೂ ಇಳದಿಲ್ಲ ತಮ್ಮಾ. ಹೋಗಿ ಮಲಕೋ. ಮೈ ಬೆಳೆಯೂದು ದಂಡಾ ಹೊಡಿಯುವಾಗಲ್ಲ, ಮಲಗಿದಾಗ,” ಎನ್ನುತ್ತಿದ್ದರು. ಊರಿನವರು ಇದನ್ನು ಮಲಗುವವರ ತಾಲೀಮು ಎಂದು ನಗುತ್ತಿದ್ದರು. ನನಗೆ ಮಲಗಲು ಹೇಳಿದರೆ ಅವಮಾನವಾಗುತ್ತಿತ್ತು.

ಅವರದು ಇನ್ನೊಂದು ರೂಢಿ ಇತ್ತು. ಶಿಷ್ಯರ ಕುಸ್ತಿ ಎಲ್ಲಿದ್ದರೂ ಬರುತ್ತಿದ್ದರು, ಜನರ ಹಿಂದೆ, ಕಟ್ಟಕಡೆಯಲ್ಲಿ ನಿಲ್ಲುತ್ತಿದ್ದರು. ಹೆಗಲ ಚೀಲದಲ್ಲಿ ಒಂದು ಹಿತ್ತಾಳೆಯ ಚರಿಗೆ. ಹುಡುಗ ಗೆದ್ದರೆ ಒಂದು ಮಾತೂ ಆಡದೆ ಹಾಗೇ ಬಸ್ಸು ಹಿಡಿಯುತ್ತಿದ್ದರು. ಸೋತರೆ ಮಾತ್ರ, ಜನ ಎಲ್ಲ ಕರಗಿದ ಮೇಲೆ, ಹತ್ತಿರದ ಹೋಟೆಲಿನಿಂದ ಆ ಚರಿಗೆಯಲ್ಲಿ ಬಿಸಿ ಹಾಲು ತಂದು ಪಕ್ಕದಲ್ಲಿ ಕೂರುತ್ತಿದ್ದರು.

ಆ ಹಾಲನ್ನು ನಾನು ಮೊದಲು ಕುಡಿದದ್ದು ನನ್ನೂರಿನಲ್ಲೇ. ತಾಲೀಮಿನಲ್ಲಿ ಯಾರಿಗೂ ಜಗ್ಗದವನು ಗಡಹಿಂಗ್ಲಜದ ಮೈದಾನದಲ್ಲಿ, ಅಪ್ಪ ಕಾಕಾ ಎಲ್ಲ ನೋಡುತ್ತಿರುವಾಗ, ನನಗಿಂತ ಸಣ್ಣ ಆಳಿನ ಕೈಯಲ್ಲಿ ಚಿತ್ ಆಗಿ ಬಿದ್ದೆ. ಹಲಗೆ ಬಾರಿಸುವವರೂ ಎದ್ದುಹೋದರು. ವಸ್ತಾದರು ಹಾಲಿನ ಚರಿಗೆ ಹಿಡಿದು ಬಂದು ಕೂತರು, ಬೆನ್ನ ಮೇಲೆ ಕೈಯಿಟ್ಟರು.

“ಮಂದಿ ಚೀರಿದಾಗ ಉಸಿರು ಹಿಡದಿದ್ದಿ, ಹೌದಿಲ್ಲೋ?”

“ಗೊತ್ತಿಲ್ರಿ.”

“ಹಿಡದಿದ್ದಿ. ಈಗೂ ಹಿಡದೀ. ಬಿಡು.” ಬಿಟ್ಟೆ. ಬಿಟ್ಟದ್ದೇ ಅಳು ಬಂತು. ಅವರು ಬೇರೆ ಕಡೆ ನೋಡುತ್ತ ಹೇಳಿದರು: “ನಾ ಕೊಲ್ಲಾಪುರದಾಗ ಸೋತಿದ್ನಿ. ಹೋಗುವಾಗ ನಾಕು ಚಕ್ಕಡಿ ಮಂದಿ ಇದ್ರು. ಬರುವಾಗ ಹಾತಕಣಂಗಲೆ ಸ್ಟೇಶನ್ನಿಂದ ಒಬ್ಬನಽ ನಡಕೋತ ಬಂದ್ನಿ. ಗೆದ್ದವಗ ಊರಽ ಇರತೈತಿ, ನಾ ಯಾಕ ಬೇಕು?”

ಮುಂದಿನ ವಾರದಿಂದ ಅವರು ನನ್ನನ್ನು ಮಗ್ಗದ ಶೆಡ್ಡಿಗೆ ಕರೆದೊಯ್ಯತೊಡಗಿದರು. ನಲವತ್ತು ಮಗ್ಗಗಳ ಸದ್ದಿನಲ್ಲಿ ನನ್ನ ಎದೆಯ ಬಡಿತವೇ ನನಗೆ ತಿಳಿಯುತ್ತಿರಲಿಲ್ಲ. ಸಾಲುಗಳ ನಡುವಿನ ಸಂದಿಯಲ್ಲಿ ಬೈಠಕ್ ಹೊಡೆಸುತ್ತಿದ್ದರು. ನೇಕಾರರು ಕೆಲಸ ಬಿಟ್ಟು ನಗುತ್ತಿದ್ದರು. ಸದ್ದಿಗೆ ಬೆದರಿ ಉಸಿರು ಕಟ್ಟಿದರೆ ಬೆನ್ನ ಮೇಲಿನ ಅಂಗೈ ಒಮ್ಮೆ ತಟ್ಟುತ್ತಿತ್ತು. ಆಮೇಲೆ ಕಣ್ಣು ಮುಚ್ಚಿಸಿ, ಇಷ್ಟು ಗದ್ದಲದಲ್ಲಿ ಮೂಲೆಯ ಮಗ್ಗದ ಸದ್ದೊಂದನ್ನೇ ಹಿಡಿ ಎನ್ನುತ್ತಿದ್ದರು. ಮೂರು ತಿಂಗಳಿಗೆ ಅದು ಸಾಧ್ಯವಾಯಿತು. ಆ ಶೆಡ್ಡನ್ನು ಕಂಡವನಿಗೆ ಮೈದಾನದ ಗದ್ದಲ ಯಾವ ಲೆಕ್ಕ?

ಗೆಲ್ಲತೊಡಗಿದೆ. ಶಿರೋಳ, ಕಾಗಲ, ಮತ್ತೆ ಗಡಹಿಂಗ್ಲಜ. ಕೊಲ್ಲಾಪುರದ ದೊಡ್ಡ ತಾಲೀಮಿನಿಂದ ಕರೆ ಬಂತು. ವಸ್ತಾದರು ತಾವೇ ಕಳಿಸಿದರು. ಪ್ರತಿ ಕುಸ್ತಿ ಮುಗಿದಾಗಲೂ ಜನರ ಹೆಗಲ ಮೇಲಿಂದ ನಾನು ನೋಡುತ್ತಿದ್ದುದು ಕಟ್ಟಕಡೆಯ ಆ ಚೀಲವನ್ನೇ. ಅದು ಬೆನ್ನು ತಿರುಗಿಸಿ ಹೊರಟಿರುತ್ತಿತ್ತು. ಒಂದೇ ಒಂದು ಸಲ ‘ಶಾಬಾಸ್’ ಎಂದಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ನನಗೆ ಸಿಟ್ಟು ಬಂತು. ಅಂಗಡಿಗೆಂದು ಇಚಲಕರಂಜಿಗೆ ಬಂದರೂ ಅಂಗಡಿಯ ಹಿಂದಿನ ಓಣಿಯಲ್ಲಿದ್ದ ಅವರ ಖೋಲಿಗೆ ಹೋಗುವುದನ್ನು ಬಿಟ್ಟೆ. ಫೇಟಾ ಸುತ್ತಿಕೊಂಡು ಹೂವಿನ ಹಾರದಲ್ಲಿ ಮುಳುಗಿ, ಊರ ತುಂಬ ಜನರ ನಡುವೆ, ನಾನು ಒಬ್ಬಂಟಿಯಾಗಿದ್ದೆ. ಇದನ್ನು ಆಗ ಯಾರಿಗಾದರೂ ಹೇಳಿದ್ದರೆ ಹುಚ್ಚನೆನ್ನುತ್ತಿದ್ದರು.

ಹೀಗೆ ಒಂದೂವರೆ ವರ್ಷ ಕಳೆದ ಮೇಲೆ, ಮಳೆಗಾಲ ಮುಗಿದು ನಡೆದ ಮೊದಲ ಕುಸ್ತಿಯಲ್ಲೇ, ಕೊಲ್ಲಾಪುರದಲ್ಲಿ ಸೋತೆ. ಎದುರಾಳಿ ನನಗಿಂತ ಒಳ್ಳೆಯ ಪೈಲವಾನ, ಅಷ್ಟೇ. ಬೆನ್ನು ಮಣ್ಣಿಗೆ ತಾಗಿದ ಗಳಿಗೆಯಲ್ಲಿ ನನಗೆ ಒಳಗೊಳಗೇ ಖುಷಿಯಾಯಿತು: ಇನ್ನು ಅವರು ಬರುತ್ತಾರೆ. ಜನ ಕರಗುವವರೆಗೂ ಕೂತೆ. ಮೈದಾನಕ್ಕೆ ನೀರು ಹೊಡೆಯುವವನೂ ಕೆಲಸ ಮುಗಿಸಿ ಹೋದ. ಕಟ್ಟಕಡೆಯಲ್ಲಿ ಯಾರೂ ಇರಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಜಗಳವಾಡಲೆಂದೇ ಇಚಲಕರಂಜಿಗೆ ಹೋದೆ. ಖೋಲಿಯ ಬಾಗಿಲಲ್ಲಿ ತಾಲೀಮಿನ ಹುಡುಗನೊಬ್ಬ ತಡೆದು, “ಎರಡ ತಿಂಗಳಾತರಿ ಹಾಸಿಗಿ ಹಿಡದು. ನಿಮ್ಮ ಕುಸ್ತಿ ಮುಗಿಯೂತನಾ ಹೇಳಬ್ಯಾಡ ಅಂದಿದ್ರು,” ಎಂದ.

ಅವರು ಗೋಡೆಗೆ ಒರಗಿ ಕೂತಿದ್ದರು. ಮಲಗಿದರೆ ಉಸಿರು ಆಡುತ್ತಿರಲಿಲ್ಲ. ಶೆಡ್ಡಿನ ಹತ್ತಿಯ ಧೂಳು ಎದೆಯಲ್ಲಿ ಮನೆ ಮಾಡಿತ್ತು. ಗೂಟಕ್ಕೆ ಚೀಲ, ಚೀಲದಲ್ಲಿ ಚರಿಗೆ.

“ಬಿದ್ದ್ಯಾ?”

“ಬಿದ್ನಿರಿ.”

“ನಾ ಬರಬೇಕಾಗಿತ್ತು ತಮ್ಮಾ.”

ಜಗಳವೆಲ್ಲ ಎಲ್ಲಿ ಹೋಯಿತೋ. ಚರಿಗೆ ತೆಗೆದುಕೊಂಡು ಓಣಿಯ ಹೋಟೆಲಿಗೆ ಹೋಗಿ ಬಿಸಿ ಹಾಲು ತಂದೆ. ಎರಡು ಗುಟುಕು ಕುಡಿದರು. ಕೆಮ್ಮು ಬಂತು. ಅವರ ಬೆನ್ನಿಗೆ ಅಂಗೈ ಊರಿದೆ. ಇಷ್ಟು ವರ್ಷಗಳಲ್ಲಿ ಆ ಬೆನ್ನನ್ನು ನಾನು ಮುಟ್ಟಿರಲೇ ಇಲ್ಲ. ಎಲುಬುಗಳ ನಡುವೆ ಉಸಿರು ಮೇಲೆ ಸಿಕ್ಕಿಕೊಂಡು ನಿಂತಿತ್ತು.

“ಬಿಡ್ರಿ,” ಎಂದೆ. “ಉಸಿರು ಬಿಡ್ರಿ.”

ಬಿಟ್ಟರು. ನಕ್ಕರು ಕೂಡ. “ಹಾಲು ತರೂದು ಕಲತಿ,” ಎಂದರು.

ಹನ್ನೊಂದು ದಿನ ಅಲ್ಲೇ ಇದ್ದೆ. ಹನ್ನೆರಡನೆಯ ದಿನ ಬೆಳಿಗ್ಗೆ, ನನ್ನ ಅಂಗೈಯ ಕೆಳಗೆ, ಒಂದು ಉಸಿರು ಬಿಟ್ಟರು, ಮತ್ತೆ ತೆಗೆದುಕೊಳ್ಳಲಿಲ್ಲ.

ಚರಿಗೆ ನನ್ನಲ್ಲಿದೆ. ಕುಸ್ತಿ ನೋಡಲು ಹೋದಾಗ ಜೊತೆಯಲ್ಲಿ ಒಯ್ಯುತ್ತೇನೆ, ಸೋತ ಯಾರ ಪಕ್ಕದಲ್ಲಾದರೂ ಕೂರುತ್ತೇನೆ. ಆದರೆ ಸೋತವರ ಹತ್ತಿರ ಹೋಗುವುದು ವಸ್ತಾದರ ಕೆಲಸ, ನನ್ನದಲ್ಲ ಎಂದುಕೊಂಡು ಅವರ ಕಡೆ ಹೋಗದೆ ಕಳೆದ ಆ ಒಂದೂವರೆ ವರ್ಷ ನನ್ನೊಳಗೆ ಹಾಗೇ ಉಳಿದಿದೆ. ಕೊಲ್ಲಾಪುರದಿಂದ ಅವರ ಖೋಲಿಗೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಅಂಗಡಿಯಿಂದಾದರೆ ಇಪ್ಪತ್ತು ಹೆಜ್ಜೆ.