ಟ್ರ್ಯಾಕ್ಟರ್ ಮೇಸ್ತ್ರಿ ಕಟ್ಟಿದ ರೇಸ್ ಕಾರು

ಕಳೆದ ವಾರ ಯಾದಗಿರಿಯಿಂದ ಶಹಾಪುರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ದಾರಿಯಲ್ಲಿ ಎಮ್ಮೆಗಳ ಹಿಂಡೊಂದು ಅಡ್ಡ ಬಂತು. ಡ್ರೈವರು ತುಳಿದ ಬ್ರೇಕಿಗೆ ಬಸ್ಸು ನಿಂತಿತು, ನಾವೆಲ್ಲ ಮುಂದಿನ ಸೀಟಿಗೆ ಹಣೆ ಚಚ್ಚಿಕೊಂಡೆವು, ಹಿಂದೆಯೇ ಒಳಗೆಲ್ಲ ಸುಟ್ಟ ವಾಸನೆ ತುಂಬಿತು. ಗಂಡಸರು ಟವೆಲಿನಿಂದ, ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನೊಬ್ಬ ಮಾತ್ರ ಕಿಟಕಿಯಿಂದ ತಲೆ ಹೊರಹಾಕಿ ಎದೆ ತುಂಬ ಎಳೆದುಕೊಂಡೆ.

"ಯಣ್ಣಾ, ಆರಾಮ ಅದೀರಿಲ್ರಿ?" ಎಂದಳು ಪಕ್ಕದಲ್ಲಿದ್ದ ಹೆಣ್ಣುಮಗಳು.

"ಆರಾಮ ಅದೀನವ್ವಾ. ನಂಗ ಈ ವಾಸನಿ ಭಾಳ ಸೇರ್ತದ."

ಆಕೆ ತನ್ನ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಒಂದು ಗೇಣು ಆಚೆ ಸರಿದಳು. ಆಕೆಯದೇನೂ ತಪ್ಪಿಲ್ಲ. ತಲೆ ನೆರೆತ, ಧೋತರ ಉಟ್ಟ ಮನುಷ್ಯನೊಬ್ಬ ಸುಟ್ಟ ಬ್ರೇಕಿನ ವಾಸನೆಗೆ ಹೀಗೆ ಕಣ್ಣು ಮುಚ್ಚಿ ಸುಖಪಟ್ಟರೆ ಯಾರಾದರೂ ಸರಿಯುತ್ತಾರೆ. ಆಕೆಗೆ ಹೇಳಲಾಗದ್ದನ್ನು ನಿಮಗಾದರೂ ಹೇಳುತ್ತೇನೆ. ನೀವು ಎಲ್ಲಿಗೂ ಸರಿಯುವಂತಿಲ್ಲ.

ನನ್ನದು ಶಹಾಪುರದಲ್ಲಿ ಗೊಬ್ಬರ, ಬೀಜದ ಅಂಗಡಿ. ನಮ್ಮಪ್ಪನ ಕಾಲದಲ್ಲಿ ಅದು ಜೋಳ, ಸಜ್ಜೆ, ತೊಗರಿಯ ಸಣ್ಣ ದುಕಾನು. ಕಾಲುವೆ ಬಂತು, ಕಾಲುವೆಯ ಹಿಂದೆ ಭತ್ತ ಬಂತು, ಭತ್ತದ ಹಿಂದೆ ಗೊಬ್ಬರ ಬಂತು, ಗೊಬ್ಬರದ ಹಿಂದೆ ನನಗೊಂದು ಹೊಟ್ಟೆ ಮತ್ತು ಒಂದು ಕಾರು ಬಂದವು. ಸಾಧಾರಣ ಕಾರಲ್ಲ. ಹೈದರಾಬಾದಿನ ಶ್ರೀಮಂತನೊಬ್ಬ ಎರಡು ವರ್ಷ ಓಡಿಸಿ ಬೇಸತ್ತು ಮಾರಿದ ಕೆಂಪು ಕಾರು. ಮೂರನೇ ಗೇರಿನಲ್ಲಿ ಕಾಲೊತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ನಾನು ಸಂಜೆ ಅಂಗಡಿ ಮುಚ್ಚಿ ಸುರಪುರದ ರಸ್ತೆಗೆ ಹೋಗಿ ಕಾಲೊತ್ತುತ್ತಿದ್ದೆ, ಬೆನ್ನು ಅಂಟಿಸಿಕೊಂಡು ಮನೆಗೆ ಬರುತ್ತಿದ್ದೆ. ಒಂದು ಸಂಜೆ ತಿರುವಿನಲ್ಲಿ ಚಕ್ಕಡಿಯೊಂದು ಕೂದಲೆಳೆಯಲ್ಲಿ ತಪ್ಪಿತು. ವಿಷಯ ನನಗಿಂತ ಮೊದಲೇ ಮನೆ ಮುಟ್ಟಿತ್ತು.

"ಅಷ್ಟು ಓಡಸೂದ ಇದ್ರ ಮಂದಿ ಇಲ್ಲದ ಕಡಿ ಹೋಗಿ ಓಡಸ್ರಿ," ಎಂದಳು ಹೆಂಡತಿ.

ಅವಳು ಸಿಟ್ಟಿನಲ್ಲಿ ಅಂದದ್ದನ್ನು ನಾನು ಅಪ್ಪಣೆಯೆಂದು ತಿಳಿದೆ. ಮದ್ರಾಸಿನ ಹತ್ತಿರ ರೇಸಿನ ಟ್ರ್ಯಾಕು ಇದೆ, ಅಲ್ಲಿ ವರ್ಷಕ್ಕೆ ಕೆಲವು ದಿನ ನನ್ನಂಥ ಹುಚ್ಚರೂ ತಮ್ಮ ಕಾರು ತಂದು ಓಡಿಸಬಹುದು ಎಂದು ಪತ್ರಿಕೆಯೊಂದರಲ್ಲಿ ಓದಿದ್ದೆ. ಆದರೆ ರಸ್ತೆಯ ಕಾರನ್ನು ಹಾಗೆಯೇ ಒಯ್ಯುವಂತಿಲ್ಲ. ಟ್ರ್ಯಾಕಿಗೆ ತಕ್ಕಂತೆ ಅದನ್ನು ಸಜ್ಜು ಮಾಡಬೇಕು. ಹೀಗೆ ನಾನು ಮರೆಪ್ಪನ ಹತ್ತಿರ ಹೋದೆ.

ಮರೆಪ್ಪ ವನದುರ್ಗದವನು. ಮೊದಲು ಕಾಲುವೆಯ ಗೇಟುಗಳ ರಿಪೇರಿಯಲ್ಲಿ ದಿನಗೂಲಿಗೆ ದುಡಿದು, ಆಮೇಲೆ ಶಹಾಪುರದಲ್ಲಿ ಟ್ರ್ಯಾಕ್ಟರ್ ವರ್ಕ್‌ಶಾಪು ಹಾಕಿದ್ದ. ಕೆಸರುಗದ್ದೆಗೆ ಇಳಿಯುವ ಟ್ರ್ಯಾಕ್ಟರಿಗೆ ಅವನು ಮಾಡುತ್ತಿದ್ದ ಕಬ್ಬಿಣದ ಗಾಲಿಗೆ ಮೂರು ತಾಲೂಕಿನಿಂದ ಜನ ಬರುತ್ತಿದ್ದರು. ಕಡಿಮೆ ಮಾತು, ಮಾತಾಡಿದರೆ ನೇರ. ನಾನು ಎಂಜಿನನ್ನು ಇನ್ನೂ ಜೋರು ಮಾಡಬೇಕೆಂದು ಅರ್ಧ ತಾಸು ಕೊರೆದೆ. ಅವನು ಕಾರಿನ ಕೆಳಗೆ ಮಲಗಿಕೊಂಡೇ ಕೇಳಿದ.

"ಓಡೂದು ಈಗ ಕಮ್ಮಿ ಆಗ್ಯದೇನ್ರಿ?"

"ಇಲ್ಲ..."

"ಹಂಗಾರ ಮೊದ್ಲ ನಿಂದ್ರೂದು ಮಾಡೂಣು."

ಮೂರು ತಿಂಗಳು ಅವನು ನಿಲ್ಲುವುದನ್ನೇ ಮಾಡಿದ. ಬ್ರೇಕಿನ ಹಳೆಯ ಎಣ್ಣೆ ತೆಗೆದು, ಎಷ್ಟು ಕಾದರೂ ಕುದಿಯದ ಎಣ್ಣೆ ತುಂಬಿದ. ಹೈದರಾಬಾದಿನಿಂದ ಗಟ್ಟಿ ಪ್ಯಾಡು ತರಿಸಿದ. ಕಾಲುವೆಯಿಂದ ಹೊಲಕ್ಕೆ ನೀರೆತ್ತುವ ಪೈಪು ಇರುತ್ತದಲ್ಲ, ಅದರ ತುಂಡು ಕತ್ತರಿಸಿ ಮುಂದಿನ ಬಂಪರಿನಿಂದ ಬ್ರೇಕಿನವರೆಗೆ ಗಾಳಿ ಹೋಗಲು ದಾರಿ ಮಾಡಿದ. ಸ್ಪ್ರಿಂಗು ಬದಲಿಸಿ ಕಾರನ್ನು ನೆಲಕ್ಕೆ ಎರಡು ಬೆರಳು ಇಳಿಸಿದ. ಎಳೆಯುವುದಕ್ಕೆ ಮುಂದೆ ಒಂದು ಕೊಂಡಿ ಬೇಕು ಎಂದಿದ್ದೆ. ಅವನು ಬೆಸೆದ ಕೊಂಡಿಗೆ ಕಬ್ಬಿನ ಎರಡು ಟ್ರಾಲಿ ಕಟ್ಟಬಹುದಿತ್ತು.

ಭಾರ ಕಡಿಮೆ ಮಾಡುವ ಉಮೇದು ಮಾತ್ರ ನನ್ನದು. ಹಿಂದಿನ ಸೀಟು ತೆಗೆಸಿದೆ, ಕಾಲ ಕೆಳಗಿನ ಗಾದಿ ತೆಗೆಸಿದೆ, ಟೇಪ್ ರೆಕಾರ್ಡರು ತೆಗೆಸಿದೆ. ನನ್ನ ಹೊಟ್ಟೆ ಒಂದನ್ನು ಬಿಟ್ಟು ಬೇಡದ ಭಾರವನ್ನೆಲ್ಲ ತೆಗೆಸಿದೆನೆಂದು ಹೆಂಡತಿ ಊರೆಲ್ಲ ಹೇಳಿಕೊಂಡು ಬಂದಳು. ಆ ಉಮೇದಿನಲ್ಲೇ ಮರೆಪ್ಪ ಕಾರಿನ ಕೆಳಗೆ ಹೊಗೆಕೊಳವೆಗೆ ಅಡ್ಡವಾಗಿದ್ದ ತಗಡೊಂದನ್ನು ಬಿಚ್ಚಿ ಮೂಲೆಗೆ ಎಸೆದ. "ಇದ್ಯಾಕ ಬೇಕ್ರಿ?" ಎಂದ. ನನಗೇನು ಗೊತ್ತು, ತಲೆಯಾಡಿಸಿದೆ. ಟ್ರ್ಯಾಕ್ಟರಿನ ಹೊಗೆಕೊಳವೆ ಆಕಾಶ ನೋಡಿಕೊಂಡು ನಿಂತಿರುತ್ತದೆ. ಅದರ ಬಿಸಿ ಯಾರಿಗೂ ತಾಗುವುದಿಲ್ಲ. ಜೀವಮಾನವಿಡೀ ಟ್ರ್ಯಾಕ್ಟರು ಬಿಚ್ಚಿದವನಿಗೆ ಆ ತಗಡಿನ ಕೆಲಸವೇನೆಂದು ಹೊಳೆಯಲಿಲ್ಲ.

ಹೊಳೆದದ್ದು ಸುಗ್ಗಿಯಲ್ಲಿ. ನಮ್ಮ ಕಡೆಯ ರಸ್ತೆಗಳು ನಿಮಗೆ ಗೊತ್ತಲ್ಲ, ಸುಗ್ಗಿ ಬಂದರೆ ಅವೇ ಕಣ. ರೈತರು ಹುರಳಿಯ ಬಳ್ಳಿ ಕಿತ್ತು ತಂದು ಡಾಂಬರಿನ ಮೇಲೆ ಹಾಸುತ್ತಾರೆ, ಹೋಗಿಬರುವ ಬಸ್ಸು ಲಾರಿಗಳು ಪುಕ್ಕಟೆ ಒಕ್ಕಿಕೊಡುತ್ತವೆ. ಅಂಥ ಒಂದು ಹಾಸಿನ ಮೇಲೆ ನನ್ನ ಕಾರು ಹೊಟ್ಟೆ ಊರಿತು. ಹಿಂದೆ ಮುಂದೆ ಮಾಡಿದಷ್ಟೂ ಬಳ್ಳಿ ಕೆಳಗೆ ಸುತ್ತಿಕೊಂಡಿತು. ಮರೆಪ್ಪ ಪಕ್ಕದಲ್ಲೇ ಇದ್ದ. ಹುರಳಿ ತಿರುವುತ್ತಿದ್ದ ಮುದುಕಿಯೊಬ್ಬಳು ಸೊಂಟಕ್ಕೆ ಕೈಕೊಟ್ಟು ನೋಡಿದಳು.

"ಎಂಥಾ ಕಾರ್ ತಂದೀಯೋ ಯಪ್ಪಾ, ಒಂದು ಸೂಡು ಹುಳ್ಳಿ ದಾಟವಲ್ದು!" ಎಂದವಳು ಮರುಗಳಿಗೆ ಕೂಗಿದಳು, "ಇಳೀರೋ, ಬೆಂಕಿ! ಬೆಂಕಿ ಹತ್ಯದ!"

ಕಾದ ಕೊಳವೆಗೆ ಒಣಬಳ್ಳಿ ತಗುಲಿ ಹೊತ್ತಿಕೊಂಡಿತ್ತು. ನಾವಿಬ್ಬರೂ ಹಾರಿ ಇಳಿದೆವು. ಪಕ್ಕದ ಹೊಲಗಾಲುವೆಯಲ್ಲಿ ಅಂದು ನೀರು ಬಿಟ್ಟಿದ್ದರು, ನನ್ನ ಪುಣ್ಯ. ನಾಲ್ಕೈದು ಹೆಣ್ಣುಮಕ್ಕಳು ಕಬ್ಬಿಣದ ಬುಟ್ಟಿ, ಕೊಡ, ಸಿಕ್ಕಿದ್ದರಲ್ಲೆಲ್ಲ ನೀರು ತುಂಬಿ ತಂದು ಎರಚಿದರು. ಕಾರು ಉಳಿಯಿತು. ಮರೆಪ್ಪ ರಸ್ತೆಯ ಅಂಚಿನಲ್ಲಿ ಕೂತುಬಿಟ್ಟ. "ಆ ತಗಡು ಇದಕ್ಕ ಇತ್ತು," ಎಂದ. ಮರುದಿನ ತಾನೇ ಹುಡುಕಿ ಅದನ್ನು ತಿರುಗಿ ಹಾಕಿದ.

ಅವನು ತಗಡು ಹಾಕಿದ, ಆದರೆ ನನ್ನೊಳಗೆ ಏನೋ ಸಡಿಲವಾಗಿಬಿಟ್ಟಿತ್ತು. ತಗಡಿನ ವಿಷಯ ಗೊತ್ತಿಲ್ಲದವನಿಗೆ ಬ್ರೇಕಿನ ವಿಷಯ ಗೊತ್ತಿದೆಯೆಂದು ಯಾವ ಧೈರ್ಯದಲ್ಲಿ ನಂಬಲಿ? ಟ್ರ್ಯಾಕಿನಲ್ಲಿ ನೂರೈವತ್ತರ ವೇಗದಲ್ಲಿ ತಿರುವಿಗೆ ಬಂದಾಗ ನನ್ನ ಜೀವ ಇರುವುದು ಅವನು ಬಿಗಿದ ನಾಲ್ಕು ಬ್ರೇಕಿನ ಮೇಲೆ. ಅವನ ಮುಖ ನೋಡಿ ಹೇಳುವ ಧೈರ್ಯವೂ ಆಗಲಿಲ್ಲ. ಹೆಲ್ಮೆಟ್ಟು ತರುತ್ತೇನೆಂದು ಸುಳ್ಳು ಹೇಳಿ ಕಾರನ್ನು ಹೈದರಾಬಾದಿಗೆ ಒಯ್ದು ದೊಡ್ಡ ಗ್ಯಾರೇಜೊಂದರಲ್ಲಿ ನಾಲ್ಕೂ ಚಕ್ರ ಬಿಚ್ಚಿಸಿದೆ. ಅಲ್ಲಿಯ ಮೇಸ್ತ್ರಿ ಒಂದೊಂದೇ ಕಳಚಿ ನೋಡಿ, ತಿರುಗಿ ಜೋಡಿಸಿ, "ಸಬ್ ಬರಾಬರ್ ಹೈ ಸಾಬ್, ಹಾತ್ ಅಚ್ಛಾ ಹೈ," ಎಂದ. ಎಲ್ಲ ಸರಿಯಿದೆಯಂತೆ, ಒಳ್ಳೆಯ ಕೈಯಂತೆ. ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು. ಹೆಲ್ಮೆಟ್ಟು ಕೊಂಡುಕೊಂಡು ಬಂದೆ, ಸುಳ್ಳನ್ನು ಅರ್ಧವಾದರೂ ನಿಜ ಮಾಡಲು.

ಟ್ರ್ಯಾಕಿಗೆ ನಾವಿಬ್ಬರೇ ಹೋದೆವು. ಆ ಗಟ್ಟಿ ಸ್ಪ್ರಿಂಗಿನ ಮೇಲೆ ಮದ್ರಾಸು ಮುಟ್ಟುವಷ್ಟರಲ್ಲಿ ನನ್ನ ಬೆನ್ನಿನ ಎಲುಬುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಬೆಳಿಗ್ಗೆ ಟ್ರ್ಯಾಕಿಗೆ ಇಳಿಯುವ ಮೊದಲು ಮರೆಪ್ಪ ನಾಲ್ಕೂ ಚಕ್ರ ಬಿಚ್ಚಿದ. ಮುಂದಿನ ಎಡ ಚಕ್ರದ ಹತ್ತಿರ ಬಗ್ಗಿ ಬ್ರೇಕಿನ ನಟ್ಟುಗಳನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ನನ್ನನ್ನು ಕರೆದ.

"ಇಲ್ಲಿ ನೋಡ್ರಿ. ಕಾಲುವಿ ಗೇಟ್ ಬಿಗದ ಮ್ಯಾಲ ನಾವು ನಟ್ಟಿನ ಮ್ಯಾಲ ಒಂದು ಬಿಳಿ ಗೆರಿ ಎಳೀತೀವಿ, ನಟ್ಟಿಂದ ಕಬ್ಬಿಣದ ತನಕ. ನಟ್ಟು ತಿರುಗಿದ್ರ ಗೆರಿ ಮುರೀತದ. ಇವಕ್ಕೂ ಎಳದಿದ್ದೆ."

ಎಲ್ಲ ಗೆರೆಗಳೂ ಮುರಿದಿದ್ದವು. ಅವನು ಪಾನಾ ಹಾಕಿ ಒಂದೊಂದಾಗಿ ಪರೀಕ್ಷಿಸಿದ. ಒಂದು ನಟ್ಟು ಅರ್ಧ ಸುತ್ತು ತಿರುಗಿತು. ಹೈದರಾಬಾದಿನವನು ಅದನ್ನು ಪೂರ್ತಿ ಬಿಗಿದಿರಲಿಲ್ಲ.

"ಇದನ್ನ ಯಾರ ಮುಟ್ಯಾರ್ರಿ?"

"ನಂಗೇನ ಗೊತ್ತಿಲ್ಲ, ಮರೆಪ್ಪ," ಎಂದೆ.

ಅವನು ನನ್ನನ್ನೇ ನೋಡಿದ. ಎಲ್ಲ ನಟ್ಟು ಬಿಗಿದು, ಜೇಬಿನಿಂದ ಬಣ್ಣದ ಸಣ್ಣ ಡಬ್ಬಿ ತೆಗೆದು, ಬೆಂಕಿಕಡ್ಡಿಯಿಂದ ಹೊಸ ಗೆರೆ ಎಳೆದ.

ಮೊದಲ ಸರದಿಯಲ್ಲಿ ನಾನೊಬ್ಬನೇ ಹೋದೆ. ನನ್ನ ಪ್ರತಾಪ ಏನು ಹೇಳಲಿ, ನನ್ನ ಹಿಂದೆ ಬಂದವರೆಲ್ಲ ನನ್ನನ್ನು ದಾಟಿಹೋದರು. ಟ್ರ್ಯಾಕಿನ ಉದ್ದದ ನೇರ ರಸ್ತೆಯ ಕೊನೆಯ ತಿರುವಿಗೆ ಮುಂಚೆ ದೂರ ತೋರಿಸುವ ಹಲಗೆಗಳಿದ್ದವು. ಮೊದಲ ಹಲಗೆ ಕಣ್ಣಿಗೆ ಬೀಳುವ ಮೊದಲೇ ನನ್ನ ಕಾಲು ಬ್ರೇಕಿನ ಮೇಲೆ ಇರುತ್ತಿತ್ತು. ತಿರುಗಿ ಬಂದಾಗ ಗೋಡೆಗೆ ಆನಿಕೊಂಡಿದ್ದ ಮರೆಪ್ಪ ಹೇಳಿದ.

"ನಂಗ ಇಲ್ಲಿಂದ ಕಾಣವಲ್ದು, ಖರೆ ಕೇಳಸ್ತದ. ಎಂಜಿನ್ ಆವಾಜ ಭಾಳ ಲಗೂನ ಇಳ್ಯಾಕತ್ಯದ. ಬ್ರೇಕ್ ನಂಬ್ರಿ."

"ನಂಬೀನಲ್ಲೋ."

"ನಂಬಿಲ್ರಿ. ನಡೀರಿ, ನಾನೂ ಬರ್ತೀನಿ."

ಹೆಲ್ಮೆಟ್ಟು ಇದ್ದವರು ಪಕ್ಕದಲ್ಲಿ ಕೂರಬಹುದಿತ್ತು. ಅಲ್ಲೇ ಒಂದನ್ನು ಕೇಳಿ ಪಡೆದು ಮರೆಪ್ಪ ಕೂತ. ಉದ್ದದ ರಸ್ತೆಗೆ ಬಂದೆವು. ಮೊದಲ ಹಲಗೆ ಬಂತು. "ಇನ್ನೂ," ಎಂದ. ನನ್ನ ಕಾಲು ತಾನಾಗಿ ಬ್ರೇಕಿನ ಕಡೆ ಸರಿಯಿತು. "ಇನ್ನೂ." ಎರಡನೇ ಹಲಗೆ. "ಈಗ!" ಇದ್ದಬದ್ದ ಜೀವವನ್ನೆಲ್ಲ ಕಾಲಿಗೆ ತಂದು ತುಳಿದೆ. ಬೆಲ್ಟು ಎದೆಗೆ ಕಚ್ಚಿತು, ಕಾರು ಒಂದಿಷ್ಟೂ ಅತ್ತಿತ್ತ ಆಗದೆ ನೆಲಕ್ಕೆ ಕೂತು ತಿರುವನ್ನು ದಾಟಿತು. ಸುಟ್ಟ ವಾಸನೆ ಒಳಗೆ ಬಂತು. ನಾನು ಹೆಲ್ಮೆಟ್ಟಿನೊಳಗೆ ಕೇಕೆ ಹಾಕಿದೆ. ಎಂಟು ಸುತ್ತು ಹೊಡೆದೆವು, ಎಂಟು ಸಲವೂ ಎರಡನೇ ಹಲಗೆಯಲ್ಲೇ. ನನ್ನನ್ನು ದಾಟಿದ್ದ ಒಬ್ಬನನ್ನು ನಾನೂ ದಾಟಿದೆ. ಅವನ ಎಂಜಿನು ಕೆಟ್ಟಿತ್ತು ಎಂದು ಆಮೇಲೆ ತಿಳಿಯಿತು, ಇರಲಿ.

ಇಪ್ಪತ್ತು ವರ್ಷದ ಮೇಲಾಯಿತು. ಆ ಕಾರು ಮಾರಿಯಾಯಿತು, ಟ್ರ್ಯಾಕಿಗೆ ಮತ್ತೆ ಹೋಗಲಿಲ್ಲ. ಅವತ್ತಿನ ನನ್ನ ಸುಳ್ಳು ಮಾತ್ರ ನನ್ನ ಹತ್ತಿರವೇ ಉಳಿದುಬಿಟ್ಟಿತ್ತು. ಕಳೆದ ವಾರ ಶಹಾಪುರದಲ್ಲಿ ಬಸ್ಸಿಳಿದವನು ಮನೆಯ ಕಡೆ ಹೋಗದೆ ವನದುರ್ಗದ ಬಸ್ಸು ಹತ್ತಿದೆ. ವರ್ಕ್‌ಶಾಪು ಬಿಟ್ಟು ಊರಿಗೆ ಮರಳಿದ್ದ ಮರೆಪ್ಪ ಅಂಗಳದಲ್ಲಿ ಕೂತು, ಬೆಳೆಗೆ ಕೀಟದ ಎಣ್ಣೆ ಹೊಡೆಯುವ ಪಂಪು ಬಿಚ್ಚಿಕೊಂಡಿದ್ದ. ಚಹ ಬರುವವರೆಗೂ ನನಗೆ ತಡೆಯಲಾಗಲಿಲ್ಲ.

"ಮರೆಪ್ಪ, ಆ ನಟ್ಟು ಮುಟ್ಟಿಸಿದಾಂವ ನಾನ. ಹೈದರಾಬಾದದಾಗ ತೋರ್ಸಿದ್ದೆ."

"ಗೊತ್ತದರಿ," ಎಂದ, ಪಂಪಿನಿಂದ ಕಣ್ಣೆತ್ತದೆ.

"ಮತ್ತ ಅವತ್ತ ಯಾಕ ಸುಮ್ನಾದಿ?"

"ಗಾಡಿಗಿ ಬೆಂಕಿ ಹಚ್ಚಿದ ಮೇಸ್ತ್ರೀನ್ನ ಯಾರ ನಂಬ್ತಾರ್ರಿ? ನಾ ಆಗಿದ್ರೂ ತೋರಸ್ತಿದ್ದೆ." ಅವನು ಕೈ ಒರೆಸಿಕೊಂಡು ನಕ್ಕ. "ಖರೆ ಹೇಳ್ಬೇಕಂದ್ರ ನಂದೂ ಒಂದು ಅದ. ನಾ ‘ಈಗ’ ಅಂದ್ನೆಲ್ಲ, ಅಂದು ಕಣ್ಣ ಮುಚ್ಚಿಬಿಟ್ಟಿದ್ದೆ. ಎಂಟೂ ಸಲ."

"ಯಾಕೋ? ಬ್ರೇಕ್ ಮಾಡಿದಾಂವ ನೀನ, ನಂಬ್ರಿ ಅಂದಾಂವನೂ ನೀನ!"

"ಬ್ರೇಕಿಂದೇನೂ ಅಂಜಿಕಿ ಇದ್ದಿಲ್ರಿ. ನಿಮ್ಮ ಕಾಲಿಂದ ಇತ್ತು."

ಇಬ್ಬರೂ ಕೆಮ್ಮು ಬರುವ ತನಕ ನಕ್ಕೆವು. ನಗು ನಿಂತ ಮೇಲೆ ನನಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಒಬ್ಬ ಟ್ರ್ಯಾಕ್ಟರ್ ಮೇಸ್ತ್ರಿಯ ಕೈಯಲ್ಲಿ ನನ್ನ ಜೀವ ಇಟ್ಟಿದ್ದೆನೆಂದು ಒಳಗೊಳಗೇ ಬೀಗಿಕೊಂಡು ಬಂದಿದ್ದೆ. ಅವನಿಗೂ ಒಂದು ಜೀವ ಇತ್ತು, ಮನೆಯಲ್ಲಿ ಹೆಂಡತಿ ಮಕ್ಕಳಿದ್ದರು. ಬೆಳಿಗ್ಗೆ ತನ್ನ ಮುಖ ನೋಡಿ ಸುಳ್ಳು ಹೇಳಿದವನ ಪಕ್ಕದಲ್ಲಿ ಅವನು ಬೆಲ್ಟು ಕಟ್ಟಿಕೊಂಡು ಕೂತಿದ್ದ. ಇದು ನನ್ನ ತಲೆಗೆ ಹೊಳೆದದ್ದು ಅವನ ಅಂಗಳದಲ್ಲಿ.

ಚಹ ಬಂತು. ಶಹಾಪುರಕ್ಕೆ ತಿರುಗಿ ಹೋಗುವ ಬಸ್ಸು ಹೊರಗೆ ಹಾರ್ನು ಹೊಡೆಯಿತು. ಮರೆಪ್ಪ ನನ್ನ ಕಡೆ ನೋಡಿದ. ಬಸ್ಸು ಹೋಗಲಿ ಬಿಡು ಎಂದು ನಾನು ಕೈಯಾಡಿಸಿ, ಅವನು ಬಿಚ್ಚಿಟ್ಟ ಪಂಪಿನ ಒಂದು ತುದಿ ಹಿಡಿದು ಕೂತೆ.