ಹೆಸರು ಕೆತ್ತಿಸದ ಪಿಂಗಾಣಿ

ಹಳೆಯ ಪತ್ರಿಕೆಗೆ ಒಂದು ವಾಸನೆ ಇರುತ್ತದೆ. ಧೂಳು, ನುಸಿಗುಳಿಗೆ, ಎಲ್ಲೋ ಸ್ವಲ್ಪ ಸೀಮೆಎಣ್ಣೆ ಸೇರಿದಂಥದ್ದು. ಕಳೆದ ವಾರ ಹೊಸ ತಿಪ್ಪಸಂದ್ರದ ಮನೆ ಖಾಲಿ ಮಾಡುವಾಗ ಅಮ್ಮನ ಷೋಕೇಸಿನ ಕೆಳಗಿನ ಖಾನೆಯಿಂದ ಒಂದು ರಟ್ಟಿನ ಡಬ್ಬ ಹೊರಬಂತು. ಮುಚ್ಚಳ ತೆಗೆದ ಕೂಡಲೇ ಆ ವಾಸನೆ ಮುಖಕ್ಕೆ ಬಡಿಯಿತು. ಒಳಗೆ ಆರು ಪಿಂಗಾಣಿ ಕಪ್ಪು, ಆರು ಸಾಸರು. ಅಂಚಿಗೆ ಚಿನ್ನದ ಗೆರೆ. ಒಂದೊಂದನ್ನೂ ಉರ್ದು ಪತ್ರಿಕೆಯ ಹಾಳೆಯಲ್ಲಿ ಜೋಪಾನವಾಗಿ ಸುತ್ತಿಡಲಾಗಿತ್ತು. ನಮ್ಮ ಮನೆಯಲ್ಲಿ ಯಾರಿಗೂ ಉರ್ದು ಬರುವುದಿಲ್ಲ.

ಅಮ್ಮ ಕಬ್ಬಿಣದ ಮಡಚುವ ಕುರ್ಚಿಯಲ್ಲಿ ಕೂತು ಸಾಮಾನು ಸಾಗಿಸುವ ಹುಡುಗರ ಮೇಲೆ ಕಣ್ಣಿಟ್ಟಿದ್ದಳು. ಡಬ್ಬ ನೋಡಿ ಮುಖ ತಿರುಗಿಸಿದಳು.

"ಅದನ್ನ ಬಿಚ್ಬೇಡ. ಹಂಗೇ ಕಟ್ಟಿಡು."

ಬಿಚ್ಚಿಯಾಗಿತ್ತು...

ಆಗ ನಾವು ಹಲಸೂರು ಮಾರ್ಕೆಟ್ಟಿನ ಹಿಂದಿನ ಗಲ್ಲಿಯ ಒಂದು ವಠಾರದಲ್ಲಿದ್ದೆವು. ತೊಂಬತ್ತರ ದಶಕದ ನಡುವಿನ ಮಾತು. ನಾನು ಏಳನೇ ಕ್ಲಾಸು. ಅಪ್ಪ ಕಾರ್ಖಾನೆಯ ಬಸ್ಸಿಗೆ ಬೆಳಿಗ್ಗೆ ಆರಕ್ಕೇ ಹೋಗುತ್ತಿದ್ದರು. ಪಕ್ಕದ ಮನೆಯಲ್ಲಿ ಒಬ್ಬ ಟೈಲರು ಮತ್ತು ಅವರ ಒಬ್ಬಳೇ ಮಗಳು. ಟೈಲರರ ಹೆಂಡತಿ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರಂತೆ. ನಾನು ಅವರನ್ನು ಟೈಲರ್ ಮಾಮ ಎಂದೂ ಅವರ ಮಗಳನ್ನು ಆಪಾ ಎಂದೂ ಕರೆಯುತ್ತಿದ್ದೆ. ಆಪಾ ಎಂದರೆ ಅಕ್ಕ ಎಂದಷ್ಟೇ ಅರ್ಥ, ಅದು ಹೆಸರಲ್ಲ ಎಂದು ಗೊತ್ತಾಗಲು ನನಗೆ ಬಹಳ ವರ್ಷ ಬೇಕಾಯಿತು. ಅಷ್ಟು ಜಾಣೆ ನಾನು!

ನಿಜವಾದ ಜಾಣೆ ಅವಳು. ಪಿ.ಯು.ಸಿ.ಯಲ್ಲಿ ಇಡೀ ಕಾಲೇಜಿಗೇ ಮೊದಲು ಬಂದಿದ್ದಳು. ನನಗೆ ಭಿನ್ನರಾಶಿ ತಲೆಗೆ ಹೋಗದಿದ್ದಾಗ ತನ್ನ ಅಪ್ಪನ ಗುಂಡಿ ಡಬ್ಬಿಯನ್ನು ನೆಲಕ್ಕೆ ಸುರುವಿ, ಬಿಳಿ ಗುಂಡಿ ಇಷ್ಟು, ಕರಿ ಗುಂಡಿ ಇಷ್ಟು ಎಂದು ಪಾಲು ಮಾಡಿ ತೋರಿಸಿದಳು. ಆ ಮೇಲೆ ಲೆಕ್ಕ ಎಂದರೆ ನನಗೆ ಭಯ ಹೋಯಿತು. ಹೇಳಿಕೊಡುವಾಗಲೂ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಬ್ಲೌಸುಗಳಿಗೆ ಹುಕ್ಕು ಹಾಕುತ್ತಲೇ ಇರುತ್ತಿದ್ದಳು.

ಮಾಮನ ಕಣ್ಣು ಮಂಜಾಗುತ್ತ ಬಂದಿತ್ತು. ಸೂಜಿಗೆ ದಾರ ಪೋಣಿಸುವುದು ನನ್ನ ಕೆಲಸ. ಸ್ಕೂಲಿನಿಂದ ಬಂದವಳೇ ಹತ್ತು ಸೂಜಿಗೆ ದಾರ ಹಾಕಿ ಒಂದು ಬಟ್ಟೆಗೆ ಚುಚ್ಚಿಟ್ಟು ಹೋಗುತ್ತಿದ್ದೆ. ಅವರ ಮಿಷನ್ನಿನ ಸದ್ದು ಗೋಡೆಯಾಚೆಗೆ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ನಿಧಾನ, ಭಾರ, ನಡುನಡುವೆ ನಿಂತು ನಿಂತು. ಆ ಸದ್ದು ಜಾಸ್ತಿ ಹೊತ್ತು ನಿಂತರೆ ಅಮ್ಮ ಒಗ್ಗರಣೆ ಸೌಟು ಹಿಡಿದೇ ಕಿವಿಗೊಡುತ್ತಿದ್ದಳು.

ಆ ವರ್ಷ ಆಪಾಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಓದಿಸುವ ದಾರಿ ಇರಲಿಲ್ಲ. ಯಾರೋ ಒಂದು ಟ್ರಸ್ಟಿನ ವಿಷಯ ಹೇಳಿದರು. ಅಲ್ಪಸಂಖ್ಯಾತರ ಮನೆಯ ಬಡ ಮಕ್ಕಳು, ಚೆನ್ನಾಗಿ ಓದುವವರು, ಅಂಥವರಿಗೆ ನಾಲ್ಕು ವರ್ಷದ ಫೀಸು, ಪುಸ್ತಕ, ಮೇಲೆ ತಿಂಗಳಿಗೆ ಮನೆಖರ್ಚಿಗೂ ಸ್ವಲ್ಪ. ಆಪಾ ಅರ್ಜಿ ಹಾಕಿದಳು. ಪರೀಕ್ಷೆ ಬರೆದಳು, ಸಂದರ್ಶನಕ್ಕೆ ಹೋಗಿ ಬಂದಳು. ಕೊನೆಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಬಂತು. ಎಲ್ಲದರಲ್ಲೂ ಪಾಸಾಗಿದ್ದೀರಿ, ಇನ್ನು ಒಂದೇ ಬಾಕಿ, ಈ ತಿಂಗಳು ಯಾವ ದಿನವಾದರೂ ನಮ್ಮವರೊಬ್ಬರು ನಿಮ್ಮ ಮನೆಗೆ ಬರುತ್ತಾರೆ.

ಆ 'ಮನೆಗೆ ಬರುತ್ತಾರೆ' ಎಂಬ ಮಾತೇ ನಮ್ಮೆಲ್ಲರನ್ನೂ ಮುಳುಗಿಸಿತು.

ನಮ್ಮ ವಠಾರಕ್ಕೆ ಗೊತ್ತಿದ್ದದ್ದು ಒಂದೇ ಬಗೆಯ ಬರುವಿಕೆ. ಹೆಣ್ಣು ನೋಡಲು ಬರುವುದು. ಯಾರ ಮನೆಗೆ ಗಂಡಿನ ಕಡೆಯವರು ಬಂದರೂ ಉಳಿದ ಮನೆಗಳಿಂದ ಕುರ್ಚಿ, ಬೆಡ್‌ಶೀಟು, ಫ್ಯಾನು, ಕೆಲವೊಮ್ಮೆ ಕಿವಿಯ ಓಲೆ ಕೂಡ ಹೋಗುತ್ತಿತ್ತು. ಅದಕ್ಕೊಂದು ಕಟ್ಟಳೆಯೂ ಇತ್ತು. ಕೊಟ್ಟವರು ಬಾಯಿ ಬಿಡಬಾರದು. ಸ್ಟೀಲ್ ಪಾತ್ರೆ ಕೊಡಬಾರದು, ಏಕೆಂದರೆ ಅದರ ಮೇಲೆ ಹೆಸರು ಕೆತ್ತಿಸಿರುತ್ತಾರೆ, ಲೋಟ ಎತ್ತಿದರೆ ಗುಟ್ಟು ಬಯಲು. ಪಿಂಗಾಣಿಗೆ ಹೆಸರಿಲ್ಲ. ಹಾಗಾಗಿ ಅಮ್ಮನ ಮದುವೆಯ ಉಡುಗೊರೆಯಾಗಿದ್ದ ಈ ಸೆಟ್ಟು ವಠಾರದ ಮೂರು ಹೆಣ್ಣುಮಕ್ಕಳ ಮದುವೆ ಕುದುರಿಸಿತ್ತು.

"ಭಾಯ್, ಕುರ್ಚಿ ನಾಲ್ಕಿದೆ, ತಗೊಂಡ್ ಹೋಗಿ. ಟೇಬಲ್ ಫ್ಯಾನೂ ಇರ್ಲಿ" ಎಂದು ಅಮ್ಮನೇ ಹೇಳಿದಳು. ಅವಳ ಮಟ್ಟಿಗೆ ಅದು ಪುಣ್ಯದ ಕೆಲಸ. ಅವಳ ಮೇಲೆ ಸಿಟ್ಟು ಮಾಡಲು ನನಗೆ ಈಗಲೂ ಆಗುವುದಿಲ್ಲ.

ಆಪಾ ಒಬ್ಬಳೇ ಬೇಡ ಎಂದದ್ದು. ನಾನು ಅಲ್ಲೇ ದಾರ ಪೋಣಿಸುತ್ತ ಕೂತಿದ್ದೆ. ಅಪ್ಪನನ್ನು ಅವಳು ಅಬ್ಬಾ ಎನ್ನುತ್ತಿದ್ದಳು.

"ಅಬ್ಬಾ, ಅವ್ರು ನಮ್ಮ ಬಡತನ ನೋಡೋಕೇ ಬರೋದು."

ಮಾಮ ಮಿಷನ್ ನಿಲ್ಲಿಸಿದರು. "ಮನೆಗೆ ಬರೋರು ಮೆಹಮಾನ್ ಅಲ್ವಾ ಬೇಟಾ? ಅವ್ರನ್ನ ಹರಿದ ಚಾಪೆ ಮೇಲೆ ಕೂರ್ಸಿ, ನೋಡಿ ನಮ್ಮ ಗತಿ ಅಂತ ತೋರ್ಸ್ಲಾ? ನಿನ್ನ ಮಾರ್ಕ್ಸ್ ನೋಡ್ಲಿ. ನನ್ನ ಬಡತನ ನನ್ ಹತ್ರನೇ ಇರ್ಲಿ."

ಆಪಾ ತಲೆ ತಗ್ಗಿಸಿ ಹುಕ್ಕು ಹಾಕತೊಡಗಿದಳು. ಮತ್ತೆ ಆ ಮಾತು ಎತ್ತಲಿಲ್ಲ.

ಕುರ್ಚಿಗಳ ಅಡಿಯಲ್ಲಿ ನಮ್ಮ ಅಪ್ಪನ ಹೆಸರಿನ ಮೊದಲಕ್ಷರಗಳನ್ನು ಬಿಳಿ ಬಣ್ಣದಲ್ಲಿ ಬರೆಸಿದ್ದರು, ಸಮಾರಂಭಗಳಲ್ಲಿ ಅದಲುಬದಲಾಗದಿರಲಿ ಎಂದು. ಅದು ಕಾಣಬಾರದಲ್ಲ? ಮಾಮ ಎರಡು ದಿನ ಗಿರಾಕಿಗಳ ಬಟ್ಟೆ ಬದಿಗಿಟ್ಟು, ಮಿಕ್ಕ ಚೂರುಗಳನ್ನೆಲ್ಲ ಜೋಡಿಸಿ ನಾಲ್ಕಕ್ಕೂ ಗವಸು ಹೊಲಿದರು. ಕೆಂಪು, ನೇರಳೆ, ಜರಿಯ ತುಂಡು. ನಮ್ಮ ಮನೆಯಲ್ಲಿ ಸಾಧಾರಣವಾಗಿದ್ದ ಕುರ್ಚಿಗಳು ಅಲ್ಲಿ ಅರಮನೆಯಿಂದ ಬಂದ ಹಾಗೆ ಕಂಡವು. ನಾವೆಲ್ಲ ಹೋಗಿ ನೋಡಿ ಮೆಚ್ಚಿಬಂದೆವು.

ಕಪ್ಪುಗಳನ್ನು ಒಯ್ದುಕೊಟ್ಟವಳು ನಾನು. ಡಬ್ಬ ನನ್ನ ಕೈಗಿಡುವಾಗ ಅಮ್ಮ, "ಇದೊಂದು ಸಿಕ್ದೇ ಹೋದ್ರೆ ಆ ಹುಡ್ಗಿ ಜನ್ಮ ಪೂರ್ತಿ ಮಿಷನ್ ತುಳೀಬೇಕು" ಎಂದಳು. ಅದೇ ಗಳಿಗೆಯಲ್ಲಿ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು. ಅಮ್ಮನ ಮುಖ ಸಪ್ಪಗಾಯಿತು. ನೆಲಕ್ಕೆ ಮೂರು ಸಲ ಬೆರಳು ಕುಟ್ಟಿ "ಕೃಷ್ಣ ಕೃಷ್ಣ" ಎಂದಳು. ಮತ್ತೆ ನನ್ನ ಭುಜ ಹಿಡಿದು, "ಯಾರ್ ಕೇಳಿದ್ರೂ ನಮ್ದು ಅಂತ ಬಾಯಿ ಬಿಡ್ಬೇಡ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ತಿಳೀತಾ?" ಎಂದಳು. ತಿಳಿಯಿತು ಎಂದು ತಲೆಯಾಡಿಸಿದೆ.

ಆಮೇಲೆ ಕಾಯುವುದು ಶುರುವಾಯಿತು. ಒಂದು ದಿನ, ಎರಡು ದಿನ, ಒಂದು ವಾರ. ನಾವು ನೆಲದ ಮೇಲೆ ಕೂತು ಉಂಡೆವು. ಅಪ್ಪ ಬೆವರು ಒರೆಸಿಕೊಳ್ಳುತ್ತ ಪತ್ರಿಕೆಯಿಂದ ಗಾಳಿ ಹಾಕಿಕೊಂಡರು. ಪಕ್ಕದ ಮನೆಯ ಹೊಸ ಕುರ್ಚಿಗಳ ಮೇಲೆ ಯಾರೂ ಕೂರುತ್ತಿರಲಿಲ್ಲ. ಮಾಮ ಮೊದಲಿನ ಹಾಗೆ ಸ್ಟೂಲಿನ ಮೇಲೆ, ಆಪಾ ನೆಲದ ಮೇಲೆ. ಗಲ್ಲಿಯಲ್ಲಿ ಸ್ಕೂಟರ್ ನಿಂತ ಸದ್ದಾದರೆ ಮಿಷನ್ ಗಕ್ಕನೆ ನಿಲ್ಲುತ್ತಿತ್ತು. ಸ್ಕೂಟರ್ ಮುಂದೆ ಹೋದ ಮೇಲೂ ಸ್ವಲ್ಪ ಹೊತ್ತು ಸದ್ದಿರುತ್ತಿರಲಿಲ್ಲ. ಆ ಮೌನಕ್ಕೆ ನನಗೆ ಹೆದರಿಕೆಯಾಗುತ್ತಿತ್ತು, ಯಾಕೆಂದು ಹೇಳಲು ಬರುತ್ತಿರಲಿಲ್ಲ.

ಬಂದದ್ದು ಒಂದು ಶನಿವಾರ ಮಧ್ಯಾಹ್ನ. ತೆಳ್ಳನೆಯ ಮನುಷ್ಯ, ಅರ್ಧ ತೋಳಿನ ಅಂಗಿ, ಕಂಕುಳಲ್ಲಿ ಫೈಲು. ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿತ್ತು. ಬೈಯಲು ಒಬ್ಬ ಸಿಗುತ್ತಿದ್ದ. ಆತ ಮೆದು ಮಾತಿನವರು. ನಾನು ವಠಾರದ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು, ತುಂಬಿದ್ದನ್ನೇ ಮತ್ತೆ ತುಂಬುತ್ತ ನಿಂತೆ. ತೆರೆದ ಬಾಗಿಲಿನಲ್ಲಿ ಎಲ್ಲ ಕಾಣುತ್ತಿತ್ತು. ಅವರು ಜರಿಯ ಗವಸಿನ ಮೇಲೆ ಕೂತರು. ನಮ್ಮ ಫ್ಯಾನು ಅವರ ಕಡೆಗೇ ತಿರುಗಿತ್ತು. ಆಪಾ ಟ್ರೇಯಲ್ಲಿ ಚಹಾ ತಂದಳು, ಥೇಟ್ ಹೆಣ್ಣು ತೋರಿಸುವ ದಿನದ ಹಾಗೆ. ಚಹಾ ಕೊಟ್ಟವಳು ಪರದೆಯ ಹಿಂದೆ ಹೋದಳು. ಅವರು ಕಪ್ಪನ್ನು ಎತ್ತಿ, ಚಿನ್ನದ ಅಂಚನ್ನು ನೋಡಿ, ಮೆಲ್ಲನೆ ಇಳಿಸಿದರು.

ಹೊರಡುವಾಗ ಮಾಮ ಎದೆಯ ಮೇಲೆ ಕೈಯಿಟ್ಟುಕೊಂಡು ಹೊಸಿಲಲ್ಲಿ ನಿಂತಿದ್ದರು. ಆತ ಚಪ್ಪಲಿ ಮೆಟ್ಟಿ ನಾಲ್ಕು ಹೆಜ್ಜೆ ಬಂದು ನಲ್ಲಿಯ ಹತ್ತಿರ ನಿಂತರು.

"ಪುಟ್ಟಾ, ನೀನು ಪಕ್ಕದ್ಮನೆಯವಳಾ?"

"ಹೌದು ಸಾರ್."

"ಆ ಕುರ್ಚಿ, ಫ್ಯಾನು, ಕಪ್ಪು... ಎಲ್ಲಾ ಇವ್ರದ್ದೇನಾ?"

ಅವರು ಕೇಳಿದ ರೀತಿ ನನಗೆ ಇಂದಿಗೂ ಕಿವಿಯಲ್ಲಿದೆ. ಗದರಿಕೆ ಇರಲಿಲ್ಲ. ಇಲ್ಲ ಎನ್ನು, ಒಂದು ಸಲ ಇಲ್ಲ ಎಂದುಬಿಡು ಎಂದು ಬೇಡಿಕೊಳ್ಳುತ್ತಿದ್ದ ಹಾಗಿತ್ತು. ಅದು ತಿಳಿಯುವ ವಯಸ್ಸು ನನಗೆ ಆಗಿರಲಿಲ್ಲ. ನನಗೆ ಕಂಡದ್ದು ಅವರ ಬೆನ್ನ ಹಿಂದೆ ನಿಂತಿದ್ದ ಮಾಮ. ಮಂಜುಗಣ್ಣನ್ನು ಕಿರಿದು ಮಾಡಿ ನನ್ನ ಕಡೆಗೇ ನೋಡುತ್ತಿದ್ದರು.

"ಹೌದು ಸಾರ್. ಅವ್ರದ್ದೇ" ಎಂದೆ. ಸಾಲದ್ದಕ್ಕೆ, ಚೆನ್ನಾಗಿ ಹೇಳಿದೆನೆಂಬ ಹುಮ್ಮಸ್ಸಿನಲ್ಲಿ, "ಮುಂಚಿಂದಾನೂ ಅವ್ರದ್ದೇ" ಎಂದು ಸೇರಿಸಿದೆ.

ಅವರು ಫೈಲು ತೆರೆದು ಏನೋ ಬರೆದುಕೊಂಡು ಹೋದರು. ಬಿಂದಿಗೆ ತುಂಬಿ ನೀರು ನನ್ನ ಕಾಲ ಮೇಲೆ ಹರಿಯುತ್ತಿತ್ತು.

ಮೂರು ವಾರಕ್ಕೆ ಕಾಗದ ಬಂತು. ಆಪಾ ನಿಂತಲ್ಲೇ ಓದಿ ನಾಲ್ಕಾಗಿ ಮಡಚಿದಳು. "ಈ ಸಲ ತುಂಬಾ ಜನ ಇದ್ರಂತೆ ಅಬ್ಬಾ. ನಮ್ದು ಬಂದಿಲ್ಲ" ಎಂದಳು. ಅಂಗಳದಲ್ಲಿ ಜೊತೆಯಾದಾಗ ನನ್ನ ಅಮ್ಮನಿಗೆ ಮಾತ್ರ ನಿಜ ಹೇಳಿದಳು. ಮನೆಯ ಸ್ಥಿತಿ ಚೆನ್ನಾಗಿರುವುದರಿಂದ ಸಹಾಯದ ಅಗತ್ಯ ಕಾಣುವುದಿಲ್ಲ ಎಂದು ಬರೆದಿದ್ದರಂತೆ. "ಇನ್ನೊಂದ್ಸಲ ಬರೀ ತಾಯಿ, ಸಾಮಾನೆಲ್ಲಾ ನಮ್ದು ಅಂತ ನಾನೇ ಬಂದು ಹೇಳ್ತೀನಿ" ಎಂದು ಅಮ್ಮ ಗೋಗರೆದಳು. "ಅದಕ್ಕೆ ಅಬ್ಬಾ ಸೈನ್ ಮಾಡ್ಬೇಕು ಆಂಟಿ, ಆಗ ಅವ್ರಿಗೆ ನಿಜ ಗೊತ್ತಾಗತ್ತೆ" ಎಂದಳು ಆಪಾ. ಅಲ್ಲಿಗೆ ಮುಗಿಯಿತು. ಅದೇ ಸಂಜೆ ಕಪ್ಪುಗಳನ್ನು ತೊಳೆದು, ಒರೆಸಿ, ಒಂದೊಂದನ್ನೂ ಪತ್ರಿಕೆಯಲ್ಲಿ ಸುತ್ತಿ ತಂದುಕೊಟ್ಟಳು.

ಸೋಮವಾರ ಬೆಳಿಗ್ಗೆ ನಾನು ಸ್ಕೂಲಿಗೆ ಜಡೆ ಹಾಕಿಸಿಕೊಳ್ಳುತ್ತಿದ್ದೆ. ಗೋಡೆಯಾಚೆ ಮಿಷನ್ ಶುರುವಾಯಿತು. ಅಮ್ಮನ ಕೈ ನನ್ನ ಕೂದಲಲ್ಲೇ ನಿಂತಿತು. ಸದ್ದು ಬೇರೆಯಾಗಿತ್ತು. ಹಗುರ, ಚುರುಕು, ನಡುವೆ ಎಲ್ಲೂ ನಿಲ್ಲದೆ... ಅದು ಮಾಮನ ಕಾಲಲ್ಲ. ಅಮ್ಮ ಜಡೆ ಮುಗಿಸಿದಳು. ಅಂದಿನಿಂದ ನಾನು ಸೂಜಿಗೆ ದಾರ ಪೋಣಿಸಲು ಹೋಗಬೇಕಾಗಲಿಲ್ಲ.

ಎರಡು ವರ್ಷದ ನಂತರ ಅವರು ಕೆ.ಆರ್. ಪುರದ ಕಡೆ ಮನೆ ಮಾಡಿಕೊಂಡು ಹೋದರು. ನಾವು ಹೊಸ ತಿಪ್ಪಸಂದ್ರಕ್ಕೆ ಬಂದೆವು. ಆಪಾ ಮತ್ತೆ ಸಿಕ್ಕಿದ್ದು ಒಂದೇ ಸಲ, ಬಸ್ಸಿನಲ್ಲಿ. ನಾನಾಗ ಇಂಜಿನಿಯರಿಂಗ್ ಕೊನೆಯ ವರ್ಷ. ಹೌದು, ನಾನೇ. ಗುಂಡಿಯಲ್ಲಿ ಲೆಕ್ಕ ಕಲಿತವಳು. ಅವಳು ಗರುಡಾಚಾರ್‌ಪಾಳ್ಯದ ಗಾರ್ಮೆಂಟ್ಸ್ ಒಂದರಲ್ಲಿ ಕೆಲಸಕ್ಕಿದ್ದಳು. ಕನ್ನಡಕ ಬಂದಿತ್ತು. ನನ್ನ ಕೈಲಿದ್ದ ಡ್ರಾಯಿಂಗ್ ಹಾಳೆಗಳ ಸುರುಳಿಯನ್ನು ಮುಟ್ಟಿ ನೋಡಿ, "ಇಂಜಿನಿಯರಿಂಗಾ? ಚೆನ್ನಾಗ್ ಓದು ಮತ್ತೆ" ಎಂದು ನಕ್ಕಳು. ಆ ನಗುವನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

"ಆಪಾ, ಆವತ್ತು ಆ ಸಾರ್ ಕೇಳ್ದಾಗ ನಾನು..."

"ಗೊತ್ತು. ಪರದೆ ಹಿಂದೇನೇ ಇದ್ನಲ್ಲ."

"ಮತ್ತೆ ಹೊರಗ್ ಬಂದು ಹೇಳ್ಬಾರ್ದಿತ್ತಾ?"

"ಅಬ್ಬಾ ಅಲ್ಲೇ ನಿಂತಿದ್ರು" ಎಂದಳು. "ನನ್ ಕೈಲಾಗ್ಲಿಲ್ಲ. ನೀನಾದ್ರೂ ಇಲ್ಲ ಅಂದ್ಬಿಟ್ಟಿದ್ರೆ ಅಂತ ಒಂದೊಂದ್ ದಿನ ಅನ್ಸತ್ತೆ. ಚಿಕ್ಕೋಳು ನೀನು, ಬಿಡು." ಅವಳ ಸ್ಟಾಪು ಬಂತು. ಇಳಿಯುವಾಗ ತಿರುಗಿ, "ಕಪ್ಪು ಆರೂ ಇದ್ಯಾ?" ಎಂದು ಕೇಳಿದಳು. ಇದೆ ಎಂದೆ.

ಕೆಲವು ವರ್ಷಗಳ ಮೇಲೆ ಹುಡುಕಿಕೊಂಡು ಹೋದೆ. ಗಾರ್ಮೆಂಟ್ಸ್ ಇದ್ದ ಜಾಗದಲ್ಲಿ ಗಾಜಿನ ಆಫೀಸು ಎದ್ದಿತ್ತು. ಕೆ.ಆರ್. ಪುರದಲ್ಲಿ ವಿಳಾಸ ಕೇಳಿ ಕೇಳಿ ಒಂದು ಮನೆ ಸಿಕ್ಕಿತು. ಬೀಗ. ಎದುರುಮನೆಯ ಹೆಂಗಸು ಅಕ್ಕಿ ಆರಿಸುತ್ತ ಕೂತಿದ್ದವರು, "ಟೈಲರ್ ಮಗಳಾ? ಆಯಮ್ಮ ಹೋಗಿ ಎರಡು ವರ್ಷ ಆಯ್ತಲ್ಲಮ್ಮಾ" ಎಂದರು. ಹೋಗಿ... ಎಲ್ಲಿಗೆ, ಬೇರೆ ಊರಿಗಾ ಅಥವಾ... ಕೇಳಲು ನಾಲಿಗೆ ಏಳಲಿಲ್ಲ. ಮಾತಾಡಬಾರದಾಗ ಮಾತಾಡಿದ ನಾಲಿಗೆ ಇದು, ಕೇಳಬೇಕಾದಾಗ ಬಿದ್ದುಕೊಂಡಿತು. ನಾನು ಬಸ್ಸು ಹತ್ತಿ ವಾಪಸಾದೆ.

ಅಮ್ಮ ಆ ಸೆಟ್ಟಿನಲ್ಲಿ ಮತ್ತೆ ಯಾರಿಗೂ ಕಾಫಿ ಕೊಡಲಿಲ್ಲ. ಪತ್ರಿಕೆಯ ಹಾಳೆಗಳನ್ನೂ ಬದಲಿಸಲಿಲ್ಲ. ಕಳೆದ ವಾರ ಬಿಚ್ಚಿದ ಕಪ್ಪುಗಳನ್ನು ನಾನು ಅದೇ ಹಾಳೆಗಳಲ್ಲಿ, ಆಪಾ ಮಡಚಿದ್ದ ಗೆರೆಯ ಮೇಲೇ ಮಡಚಿ, ಮೊದಲಿನಂತೆ ಸುತ್ತಿಟ್ಟೆ. ಅಷ್ಟರಲ್ಲಿ ಅಮ್ಮನನ್ನು ಆಟೋದಲ್ಲಿ ಕೂರಿಸಿಯಾಗಿತ್ತು. ಅವಳು ಕೂತಿದ್ದ ಕಬ್ಬಿಣದ ಕುರ್ಚಿ ಪಡಸಾಲೆಯಲ್ಲಿ ಒಂಟಿಯಾಗಿ ಉಳಿದಿತ್ತು. ಸಾಮಾನು ಹೊರುವವನು ಅದನ್ನು ಮಡಚಿ ತಲೆಕೆಳಗು ಮಾಡಿದ. ಅಡಿಯಲ್ಲಿ ಅಪ್ಪನ ಅಕ್ಷರಗಳು, ಮಾಸಿದ ಬಿಳಿ.

"ಮೇಡಂ, ಇದೂ ಈ ಡಬ್ಬಾನೂ ಓನರ್‌ದಾ, ನಿಮ್ದಾ?"

"ನಮ್ದು" ಎಂದೆ.

ಅವನು ಹೊರಟ. ನನಗೆ ಸಾಲದೆನಿಸಿತು. ಮೆಟ್ಟಿಲವರೆಗೂ ಹಿಂದೆ ಹೋಗಿ, "ನಮ್ದೇ ಕಣಪ್ಪ, ಮುಂಚಿಂದಾನೂ ನಮ್ದೇ" ಎಂದೆ. ಆತ ಒಮ್ಮೆ ತಿರುಗಿ ನೋಡಿ, ಕುರ್ಚಿಯನ್ನು ಹೆಗಲಿಗೇರಿಸಿಕೊಂಡು ಇಳಿದುಹೋದ. ಬರೆದುಕೊಳ್ಳುವವರು ಯಾರೂ ಇರಲಿಲ್ಲ.