ಸೋದರತ್ತಿಗೆ ಬೇಕಾಗಿದ್ದ ಗುದ್ದು

ನನ್ನ ಗಂಡ ನನಗ ಕೊಟ್ಟಿದ್ದು ಎರಡ: ಒಂದು ತಾಳಿ, ಇನ್ನೊಂದು ಎಚ್‌ಐವಿ. ಬೋರ್‌ವೆಲ್ ಗಾಡಿ ಮ್ಯಾಲ ಊರೂರು ತಿರಗಾಂವ. ಈಗ ಸಾಂಗ್ಲಿ ಕಡೆ ಯಾವಾಕಿನ್ನೋ ಕಟಗೊಂಡು ಆರಾಮ ಅದಾನಂತ. ಇರಲಿ, ಅವನ ಸುದ್ದಿ ತಗೊಂಡು ಏನ್ ಮಾಡೂದೈತಿ! ನಾನು ರಾಮವ್ವ, ಘಟಪ್ರಭಾದಾಗ ಸ್ಟೇಷನ್ ಬಾಜೂ ಒಂದು ಖೋಲಿ ಹಿಡದು ಜಂಪರ ಹೊಲಿತೇನಿ. ದಿನಾ ಉಂಡ ಮ್ಯಾಲ ಒಂದು ಗುಳಿಗಿ ನುಂಗತೇನಿ. ಮಾತಾಡಾಕ ಹೊಲಿಗಿ ಮಷೀನ್ ಒಂದ ಐತಿ, ಅದೂ ಎಣ್ಣಿ ಹಾಕಿದ್ರ ಸುಮ್ಮನಾಗತೈತಿ.

ತವರುಮನಿ ಮಮದಾಪುರ. ಹ್ವಾದ್ರ ನಮ್ಮವ್ವ ಸುಂದ್ರವ್ವ ಬಾಗಲದಾಗ ನನಗೊಂದು ಚಾಪಿ ಹಾಸಾಕಿ. ಚಾದ ಕಪ್ಪೂ ಬ್ಯಾರೆ, ಗ್ವಾಡಿ ಗೂಟಕ್ಕ ತೂಗಬಿಟ್ಟಿದ್ದು. ಬೈದ್ರ, "ಮಂದಿ ಏನಂದಾರು ಯವ್ವಾ" ಅನ್ನಾಕಿ. ಮಂದಿ! ಮಂದಿ ಬಂದು ನನ್ನ ಜೋಡಿ ಖೋಲ್ಯಾಗ ಇರತಾರೇನು?

ಹುಕ್ಕೇರಿ ಕಡೆಯವರು ಪದ್ಮಶ್ರೀ ಅಂತ ಒಬ್ಬರು ಡಾಕ್ಟ್ರು. ಸೂಜಿ ಮಾಡೂ ಡಾಕ್ಟ್ರಲ್ಲ, ವೈರಸ್ ಮ್ಯಾಲ ಸಂಶೋಧನೆ ಮಾಡಾವ್ರು. ಗುಳಿಗಿ ತಗೊಳ್ಳೂ ನಮ್ಮಂಥವರ ರಕ್ತ ವರ್ಷಗಟ್ಟಲೆ ನೋಡಿದ್ರು. ಅದು ದೊಡ್ಡ ಪತ್ರಿಕಿಯೊಳಗ ಅಚ್ಚಾದ ಮ್ಯಾಲ ತೋರಸಾಕ ನನ್ನ ಖೋಲಿತನಕಾ ಬಂದ್ರು.

"ರಾಮವ್ವಾರ, ತಪ್ಪದ ಗುಳಿಗಿ ತಗೊಂಡವರ ರಕ್ತದಾಗ ವೈರಸ್ ಹುಡಕಿದ್ರೂ ಸಿಗದಷ್ಟು ಕಡಿಮಿ ಆಗೇತ್ರಿ. ಅಂಥವರಿಂದ ಗಂಡಗೂ ಹೇಂತಿಗೂ ಜಡ್ಡು ಹತ್ತಿಲ್ಲ. ಮುಟ್ಟಿದ್ರ, ಕೂಡಿ ಉಂಡ್ರ ಅಂತೂ ಮೊದಲಿಂದನೂ ಹತ್ತೂದಿಲ್ಲ."

"ಇದರಾಗ ನಾ ಎಲ್ಲಿ ಅದೇನ್ರಿ?" ಅಂದೆ.

"ಹೆಸರು ಹಾಕೂ ಹಂಗಿಲ್ರಿ. ಈ ನಕ್ಷೆದಾಗ ಕೆಳಗಿಳದ ಗೆರಿ ಐತೆಲ್ಲಾ, ಅದರೊಳಗ ನೀವೂ ಒಬ್ಬರು."

"ಹಂಗಾದ್ರ ಒಂದು ಉಪಕಾರ ಮಾಡ್ರಿ. ನನ್ನ ತಮ್ಮ ಮಾಲಿಂಗನ ಕೂಸಿಗೆ ಹೆಸರಿಡೂದೈತಿ. ನಮ್ಮ ಮನಿಗೆ ಬಂದು ಇದನ್ನ ಹೇಳ್ರಿ."

ಹೆಸರಿಡಾಕ ನಮ್ಮ ಕಡೆ ಸೋದರತ್ತಿನ ಬೇಕು. ಆಕಿ ತೊಟ್ಟಲಕ್ಕ ಬಗ್ಗಿ ಕೂಸಿನ ಕಿವ್ಯಾಗ ಕುರ್ರ್ ಅಂತ ಹೆಸರು ಹೇಳತಾಳ. ಹೇಳಿದ್ದ ತಡ, ಸುತ್ತಲಿನ ಹೆಣಮಕ್ಕಳು ಆಕಿ ಬೆನ್ನಿಗೆ ದಬಾ ದಬಾ ಗುದ್ದತಾರ. ವರ್ಷದ ಸಿಟ್ಟೆಲ್ಲಾ ಅವತ್ತ ತೀರಿಸ್ಕೊತಾರ, ಬಿದ್ದಾಡಿಗೋಳು! ಆದ್ರ ಗುದ್ದಿಸ್ಕೊಂಡಾಕಿನ ಆ ಮನಿ ಮಗಳು. ನನಗ ಆ ಗುದ್ದು ಬೇಕಾಗಿತ್ತು. ಕೂಸು ಎತ್ತಿಕೊಳ್ಳೂದಕ್ಕಿಂತ ಹೆಚ್ಚು ಬೇಕಾಗಿತ್ತು, ಖರೇನ ಹೇಳತೇನಿ.

ಹೆಸರಿಡೂ ದಿನ ಡಾಕ್ಟ್ರು ಬಂದ್ರು. ಪಡಸಾಲ್ಯಾಗ ಕುಂತು ಎಲ್ಲಾ ಬಿಡಿಸಿ ಹೇಳಿದ್ರು. ಹೇಳಕೋತನ ನನ್ನ ತಾಟಿನಾಗಿನ ಹೋಳಿಗಿ ಮುರಕೊಂಡು ತಿಂದ್ರು. ಮಂದಿ ಬಾಯಿಮ್ಯಾಲ ಬೆರಳಿಟ್ಟು ನೋಡಿದ್ರು. ತಮ್ಮನ ಹೇಂತಿ ದ್ರಾಕ್ಷಾಯಿಣಿ ಎದ್ದು ಬಂದು, "ಅಕ್ಕಾರ, ನೀವ ಹೆಸರಿಡ್ರಿ" ಅಂತ ಕೂಸನ್ನ ತಾನ ನನ್ನ ಉಡ್ಯಾಗ ಹಾಕಿದ್ಲು. ಅವ್ವ ಸೆರಗಿಲೆ ಕಣ್ಣು ಒರಸ್ಕೊಂಡ್ಲು. ಅಬಾಬಾ, ನನ್ನ ಎದಿ ಎಷ್ಟು ಹಗುರಾತು!

ಕೂಸನ್ನ ತೊಟ್ಟಲದಾಗ ಹಾಕಿ ಬಗ್ಗಿದೆ. "ಕುರ್ರ್... ಬೀರಸಿದ್ದಪ್ಪಾ" ಅಂತ ನಮ್ಮಪ್ಪನ ಹೆಸರ ಕಿವ್ಯಾಗ ಹೇಳಿ, ಬೆನ್ನು ಬಿಗಿ ಹಿಡದು ನಿಂತೆ.

ಗುದ್ದು ಬೀಳಲಿಲ್ಲ.

ಓರೆಗಣ್ಣಿಲೆ ನೋಡಿದೆ. ದೊಡ್ಡವ್ವ ಕಾಶೆವ್ವ ಮುಷ್ಟಿ ಎತ್ತಿದಾಕಿ ಮೆಲ್ಲಕ ಬಿಚ್ಚಿದ್ಲು. "ಗುದ್ದಬ್ಯಾಡ್ರೆ, ಪಾಪ! ಜಡ್ಡಿನ ಹೆಣಮಗಳು, ತಡಕೊಳ್ಳೂದಿಲ್ಲ" ಅಂದು ಅಂಗೈಲೆ ನನ್ನ ಬೆನ್ನು ಸವರಿದ್ಲು. ಆಕಿನ್ನ ನೋಡಿ ಎಲ್ಲಾರೂ ಸವರಿದ್ರು.

"ಯವ್ವಾ, ನಾ ಗಟ್ಟಿ ಅದೇನಿ, ಗುದ್ದ್ರೆ!" ಅಂತ ಒದರಿದೆ.

"ಆತಾತು ಯವ್ವಾ, ಸುಮ್ಮನಿರು" ಅಂತ ಇನ್ನೂ ಮೆತ್ತಗ ಸವರಿದ್ರು. ಡಾಕ್ಟ್ರು ಬಾಗಲದಾಗ ನಿಂತು ಫೋಟೋ ಹೊಡಿಯಾಕತ್ತಿದ್ರು. ಎಲ್ಲಾರೂ ಮುಟ್ಟಿದ್ರಲ್ಲಾ ಅಂತ ಅವರ ಮಾರಿ ಅರಳಿತ್ತು. ಅಂಜಿಕಿಗೆ ಅವರ ಬರಹದಾಗ ಉತ್ತರ ಇತ್ತು. 'ಪಾಪ' ಅನ್ನೂದಕ್ಕ ಏನಿತ್ತು?

ಅಷ್ಟು ಮಂದಿ ಕೈ ಬೆನ್ನ ಮ್ಯಾಲಿದ್ರೂ ನಾ ಒಬ್ಬಾಕಿನ ನಿಂತಂಗಾತು. ತೊಟ್ಟಲ ಹಗ್ಗ ಹಿಡಕೊಂಡು ಬಿಕ್ಕಿ ಬಿಕ್ಕಿ ಅತ್ತೆ.

ಕಾಶೆವ್ವ ಎಲ್ಲಾರ ಕಡೆ ತಿರುಗಿ ಅಂದ್ಲು: "ನೋಡಿದ್ರಿಲ್ಲೋ? ಸವರಿದ್ರ ಹಿಂಗ ಅಳತಾಳ. ಗುದ್ದಿದ್ರ ಏನ್ ಗತಿ ಇತ್ತು!"